ಕರೆಂಟ್ ಹೋದ ಸಂಜೆ, ನಾರ್ಶ್ ಊರಿನ ಶಾಲೆ

ಪ್ರಶ್ನೆ: ನನ್ನ ಅಣ್ಣ ಅಮೆರಿಕದಿಂದ ಬರುವಾಗ ಅಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಹಳೇ ಸೂಪರ್ ನಿಂಟೆಂಡೊ, ಅಂದರೆ ಟಿವಿಗೆ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರ, ತಂದುಕೊಟ್ಟ. ಜೊತೆಗೆ ಒಂದೇ ಒಂದು ಆಟದ ಕ್ಯಾಸೆಟ್. ಅದರ ಮೇಲೆ 'ಫೈನಲ್ ಫ್ಯಾಂಟಸಿ 3' ಅಂತಿದೆ. 10 ವರ್ಷದ ಮಗ ಅದಕ್ಕೆ ಅಂಟಿಕೊಂಡಿದ್ದಾನೆ. ಆಟದ ಶುರುವಿನಲ್ಲೇ ಒಂದು ಹಿಮದ ಊರಿನಲ್ಲಿ ಶಾಲೆ ಸಿಗುತ್ತೆ. 'ಇಲ್ಲೂ ಶಾಲೆನಾ' ಅಂತ ಅವನು ಒಳಗೆ ಕಾಲಿಟ್ಟ ತಕ್ಷಣ ವಾಪಸ್ ಓಡಿದ. ಎರಡು ಗಂಟೆ ಆಡಿದ ಮೇಲೆ ಕರೆಂಟ್ ಹೋಯ್ತು. ಮತ್ತೆ ಹಾಕಿದರೆ ಎಲ್ಲಾ ಮೊದಲಿಂದ. ಊಟ ಬಿಟ್ಟು ಅತ್ತ. ಸೇವ್ ಮಾಡೋದು ಹೇಗೆ ಅಂತ ಆ ಶಾಲೆಯಲ್ಲೇ ಹೇಳಿಕೊಡ್ತಾರೆ ಅಂತ ಆಮೇಲೆ ಅಣ್ಣ ಫೋನಿನಲ್ಲಿ ಹೇಳಿದ. ಆಟದೊಳಗೆ ಶಾಲೆ ಯಾಕೆ ಇಟ್ಟರು? ಎಲ್ಲಿ ಬೇಕಾದರೂ ಸೇವ್ ಮಾಡೋಕೆ ಯಾಕೆ ಬಿಡಲ್ಲ? ಈಗ ಇವನನ್ನು ಆ ಶಾಲೆಗೆ ಕಳಿಸಬೇಕಾ, ಅವನ ಪಾಡಿಗೆ ಬಿಡಬೇಕಾ?
ಹಾವೇರಿಯಿಂದ ಒಬ್ಬ ತಾಯಿ

ಉತ್ತರ: ಮೊದಲು ಮಗನ ಪರವಾಗಿ ಒಂದು ಮಾತು. ತಪ್ಪು ಪೂರ್ತಿ ಅವನದಲ್ಲ. ಒಮ್ಮೆ ಅವನನ್ನೇ ಕೇಳಿ ನೋಡಿ: 'ಮೆನು ತೆಗೆದಾಗ ಸೇವ್ ಅನ್ನೋ ಪದ ಕಾಣಲಿಲ್ವಾ?' ಕಂಡಿತ್ತು ಅಂತಾನೆ. 'ಮತ್ತೆ ಯಾಕೆ ಒತ್ತಲಿಲ್ಲ?' ಅಂದರೆ, 'ಅದು ಬೂದಿ ಬಣ್ಣದಲ್ಲಿತ್ತು, ಕೆಲಸ ಮಾಡಲ್ಲ' ಅನ್ನಬಹುದು. ನನ್ನ ಊಹೆ ಇದು. ಆದರೆ ಹದಿನೈದು ವರ್ಷದಿಂದ ಆಟಗಳಿಗೆ ಪಾಠ ಬರೆಯೋದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಧೈರ್ಯದಿಂದ ಊಹೆ ಮಾಡ್ತಿದ್ದೇನೆ.

ಈ ಆಟದ ಮೆನುವಿನಲ್ಲಿ ಸೇವ್ ಅನ್ನೋದು ಯಾವಾಗಲೂ ಇರುತ್ತೆ. ಸೇವ್ ಮಾಡಬಹುದಾದ ಜಾಗದಲ್ಲಿ ನಿಂತಿದ್ದರೆ ಬೆಳ್ಳಗೆ, ಇಲ್ಲದಿದ್ದರೆ ಮಂಕಾಗಿ. ಗಣಿಯೊಳಗೆ ಯಾವುದೋ ಮೂಲೆಯಲ್ಲಿ ಮೊದಲ ಸಲ ಮೆನು ತೆಗೆದ ಹುಡುಗ ಅದನ್ನು ಮಂಕಾಗಿ ನೋಡಿದರೆ 'ಇದು ಕೆಟ್ಟಿದೆ' ಅಂತಲೇ ತಿಳಿಯುತ್ತಾನೆ. ಆಮೇಲೆ ಅದರ ಕಡೆ ತಿರುಗಿಯೂ ನೋಡಲ್ಲ. ಎರಡು ಗಂಟೆಯಲ್ಲಿ ಅವನು ಎಷ್ಟೋ ಸಲ ಬಯಲಿಗೆ, ಅಂದರೆ ದೊಡ್ಡ ನಕ್ಷೆಯ ಮೇಲೆ ಬಂದಿರುತ್ತಾನೆ. ಅಲ್ಲಿ ಎಲ್ಲಿ ನಿಂತರೂ ಸೇವ್ ಆಗುತ್ತೆ. ಊರು, ಗುಹೆ, ಬೆಟ್ಟಗಳ ಒಳಗೆ ಮಾತ್ರ ನೆಲದ ಮೇಲೆ ಮಿನುಗುವ ಬೆಳಕಿನ ಗುರುತು ಹುಡುಕಿ, ಅದರ ಮೇಲೆ ನಿಲ್ಲಬೇಕು. ಇಷ್ಟೇ ವಿಷಯ. ಇದನ್ನು ಹೇಳೋಕೆ ಒಂದು ಕಟ್ಟಡವನ್ನೇ ಕಟ್ಟಿದ್ದರು, ನಿಮ್ಮ ಮಗ ಅದರ ಬಾಗಿಲಿನಿಂದಲೇ ವಾಪಸ್ ಬಂದ.

ಕ್ಯಾಸೆಟ್ ಮೇಲಿನ 3 ನೋಡಿ ಗಲಿಬಿಲಿ ಆಗಬೇಡಿ. ನಿಮ್ಮ ಮನೆಯಲ್ಲಿರೋದು ನಿಜಕ್ಕೂ ಆರನೆಯದು. ಜಪಾನಿನ ಸ್ಕ್ವೇರ್ ಕಂಪನಿ ಇದನ್ನು 1994ರ ಏಪ್ರಿಲ್ 2ರಂದು ಅಲ್ಲಿ ಫೈನಲ್ ಫ್ಯಾಂಟಸಿ 6 ಅಂತಲೇ ಬಿಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕಕ್ಕೆ ಬಂತು. ಎರಡು, ಮೂರು, ಐದನೆಯ ಆಟಗಳು ಆಗ ಅಮೆರಿಕಕ್ಕೆ ಹೋಗಿರಲೇ ಇಲ್ಲ. ಹಾಗಾಗಿ ಅಲ್ಲಿ ನಾಲ್ಕನೆಯದಕ್ಕೆ 2, ಆರನೆಯದಕ್ಕೆ 3 ಅಂತ ಹೆಸರಿಟ್ಟು ಮಾರಿದರು. ನೀವು ಇಂಟರ್ನೆಟ್‌ನಲ್ಲಿ ಏನಾದರೂ ಹುಡುಕುವಾಗ 6 ಅಂತ ಹಾಕಿ. ಇಲ್ಲದಿದ್ದರೆ ಬೇರೆಯದೇ ಆಟದ ದಾರಿ ಸಿಕ್ಕಿ, ಮಗನ ಎದುರಿಗೆ ಮಾನ ಹೋಗುತ್ತೆ.

ಈಗ ಶಾಲೆಯ ವಿಷಯ.

ಆ ಊರಿನ ಹೆಸರು ನಾರ್ಶ್. ಕಲ್ಲಿದ್ದಲ ಗಣಿ ಇರುವ, ಸದಾ ಹಿಮ ಬೀಳುವ ಊರು. ಆಟ ಶುರುವಾಗುವಾಗ ಟೆರಾ ಅನ್ನೋ ಹುಡುಗಿ ಇಬ್ಬರು ಸೈನಿಕರ ಜೊತೆ ಕಬ್ಬಿಣದ ಯಂತ್ರಗಳ ಮೇಲೆ ಕೂತು ಆ ಊರಿಗೆ ದಾಳಿಗೆ ಬರುತ್ತಾಳೆ. ಅವಳ ತಲೆಗೆ ಒಂದು ಪಟ್ಟಿ ಹಾಕಿರುತ್ತಾರೆ. ಅದು ಇರುವ ತನಕ ಅವಳಿಗೆ ಸ್ವಂತ ಬುದ್ಧಿ ಇಲ್ಲ, ಹೇಳಿದ್ದನ್ನು ಮಾಡೋದಷ್ಟೇ. ಆಮೇಲೆ ಒಬ್ಬ ಮುದುಕನ ಮನೆಯಲ್ಲಿ ಎಚ್ಚರ ಆಗುತ್ತೆ. ಪಟ್ಟಿ ತೆಗೆದಿರುತ್ತಾರೆ, ಆದರೆ ತನ್ನ ಹೆಸರು ಬಿಟ್ಟರೆ ಹೆಚ್ಚು ಕಡಿಮೆ ಏನೂ ನೆನಪಿಲ್ಲ. ಕಾವಲುಗಾರರು ಬೆನ್ನು ಹತ್ತುತ್ತಾರೆ, ಗಣಿಯೊಳಗೆ ಓಡುತ್ತಾಳೆ, ನೆಲ ಕುಸಿದು ಬೀಳುತ್ತಾಳೆ. ಲಾಕ್ ಅನ್ನೋ ಹುಡುಗ ಬಂದು, ಮೂಗಲ್ ಅನ್ನೋ ಬೆಳ್ಳನೆಯ ಮುದ್ದು ಪ್ರಾಣಿಗಳ ಸಹಾಯದಿಂದ ಕಾಪಾಡುತ್ತಾನೆ. ಇಬ್ಬರೂ ಗಣಿಯಿಂದ ಹೊರಗೆ ಬರುತ್ತಾರೆ. ಹೊರಗೆ ಹಿಮ. ಊರೊಳಗೆ ಹೋದರೆ ಹಿಡಿಯುತ್ತಾರೆ. ಪಕ್ಕದಲ್ಲೇ ಶಾಲೆ.

ಈ ಜಾಗದ ಆಯ್ಕೆ ನೋಡಿ. ಏನೂ ನೆನಪಿಲ್ಲದ ಹುಡುಗಿ ತನ್ನ ಸ್ವಂತ ಬುದ್ಧಿಯಲ್ಲಿ ಓಡಾಡಲು ಶುರು ಮಾಡಿದ ಮೇಲೆ, ಸಮಾಧಾನವಾಗಿ ನಿಂತು ಕಾಲಿಡಬಹುದಾದ ಮೊದಲ ಬಾಗಿಲು ಹೊಸಬರ ಶಾಲೆಯದು. ನಿಮ್ಮ ಮಗನಿಗೆ ಆಟ ಗೊತ್ತಿಲ್ಲ, ಟೆರಾಗೆ ಲೋಕ ಗೊತ್ತಿಲ್ಲ. ಇಬ್ಬರ ಅಜ್ಞಾನವೂ ಒಂದೇ ಅಳತೆಯದು. ಪಾಠವನ್ನು ಕಥೆಯ ಪಕ್ಕದಲ್ಲಿ ಇಡೋದು ಸುಲಭ. ಕಥೆಗೆ ಬೇಕಾದ ಹೊತ್ತಿಗೇ ಅದನ್ನು ಇಡೋದು ಕಷ್ಟ, ನಾನು ಅದಕ್ಕೆ ಇನ್ನೂ ಒದ್ದಾಡುತ್ತೇನೆ.

ಅದರ ಹಿಂದೆ ಇನ್ನೊಂದು ಪಾಠ ಆಗಿಹೋಗಿದೆ, ನಿಮ್ಮ ಮಗ ಅದನ್ನು ತಪ್ಪಿಸಿಕೊಂಡಿರೋಕೆ ಸಾಧ್ಯವೇ ಇಲ್ಲ. ಗಣಿಯೊಳಗೆ ಒಂದು ದೊಡ್ಡ ಬಸವನಹುಳು ಎದುರಾಗುತ್ತೆ, ಹೆಸರು ವೆಲ್ಕ್. ಹೋರಾಟದ ನಡುವೆಯೇ ಸೈನಿಕರು ಮಾತಾಡಿಕೊಳ್ಳುತ್ತಾರೆ: ಇದು ಮಿಂಚನ್ನು ನುಂಗಿ ಚಿಪ್ಪಿನಲ್ಲಿ ಇಟ್ಟುಕೊಳ್ಳೋ ಪ್ರಾಣಿ, ಚಿಪ್ಪಿಗೆ ಮಾತ್ರ ಹೊಡೀಬೇಡ ಅಂತ. ಹುಳು ತಲೆ ಒಳಗೆ ಎಳೆದುಕೊಳ್ಳುತ್ತೆ. ಆಗ ಸುಮ್ನೆ ಕಾಯಬೇಕು. ಮಕ್ಕಳು ಕಾಯೋದುಂಟಾ? ಚಿಪ್ಪಿಗೆ ಹೊಡೆದು ಮಿಂಚಿನ ಏಟು ತಿನ್ನುತ್ತಾರೆ. ದೊಡ್ಡವರೂ ತಿನ್ನುತ್ತಾರೆ, ನಾನೂ ತಿಂದಿದ್ದೇನೆ. ಆದರೆ ಆ ಹೊತ್ತಿನಲ್ಲಿ ಕೈಯಲ್ಲಿ ಯಂತ್ರ ಇದೆ, ಸುಲಭಕ್ಕೆ ಸಾಯಲ್ಲ. ಅಂದರೆ ಮೊದಲ ಪಾಠ ಏಟಿನದು, ಕಡ್ಡಾಯ. ಎರಡನೆಯ ಪಾಠ ಮಾತಿನದು, ಬೇಕಾದವರಿಗೆ. ಈ ಎರಡನ್ನೂ ಬೇರೆ ಬೇರೆ ಇಟ್ಟಿದ್ದು ಬಹಳ ಯೋಚನೆಯ ಕೆಲಸ.

ಮಾತಿನ ಪಾಠ ಕಡ್ಡಾಯ ಮಾಡಿದರೆ ಏನಾಗುತ್ತೆ ಅಂತ ನನಗೆ ಗೊತ್ತು, ಯಾಕೆಂದರೆ ನಾನೇ ಮಾಡಿದ್ದೇನೆ. ಬೆಂಗಳೂರಿನಲ್ಲಿ ಒಂದು ಮೊಬೈಲ್ ಆಟಕ್ಕೆ 14 ಹೆಜ್ಜೆಯ ಪಾಠ ಬರೆದಿದ್ದೆ. ಪರದೆ ಪೂರ್ತಿ ಕಪ್ಪಾಗುತ್ತೆ, ಒಂದು ಜಾಗ ಮಾತ್ರ ಬೆಳಗುತ್ತೆ, ಒಂದು ಬಿಳಿ ಬೆರಳು ಬಂದು 'ಇಲ್ಲಿ ಒತ್ತಿ' ಅಂತ ಕುಣಿಯುತ್ತೆ. ನೀವೂ ನೋಡಿರುತ್ತೀರಿ. ಆಟ ಬಿಡುಗಡೆಗೆ ಮುಂಚೆ ಹೊರಗಿನವರನ್ನು ಕರೆದು ಆಡಿಸಿ ನೋಡುತ್ತೇವೆ. ಆ ದಿನ ಬಂದಿದ್ದ ಒಬ್ಬ ಆಂಟಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅವರು ಬೆರಳು ತೋರಿಸಿದ ಕಡೆಯೆಲ್ಲ ಪಟಪಟ ಒತ್ತಿದರು. ಒಂದು ಸಾಲೂ ಓದಲಿಲ್ಲ. 14 ಹೆಜ್ಜೆ ಒಂದು ನಿಮಿಷದೊಳಗೆ ಮುಗಿಯಿತು. ಬೆರಳು ಮಾಯವಾಯಿತು. ಅವರು ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿ 'ಈಗೇನ್ ಮಾಡ್ಬೇಕು?' ಅಂದರು.

ಅವರಿಗೆ ಆಗ ಕೇಳೋಕೆ ಒಂದು ಪ್ರಶ್ನೆ ಇತ್ತು. ಪಾಠ ಮಾತ್ರ ಮುಗಿದುಹೋಗಿತ್ತು. ನಾರ್ಶ್ ಶಾಲೆಯ ಸೊಗಸು ಇರೋದೇ ಇಲ್ಲಿ. ಅಲ್ಲಿ ಪಾಠ ಯಾರ ಹಿಂದೆಯೂ ಓಡಿ ಬರಲ್ಲ. ಕೋಣೆಯಲ್ಲಿ ನಾಲ್ಕಾರು ಜನ ನಿಂತಿರುತ್ತಾರೆ, ಅಷ್ಟೇ. ಹತ್ತಿರ ಹೋಗಿ ಬಟನ್ ಒತ್ತಿದರೆ ತಮಗೆ ಗೊತ್ತಿರೋದನ್ನು ಹೇಳುತ್ತಾರೆ. ಬೇಡ ಅಂದರೆ ದಾಟಿ ಹೋಗಬಹುದು. ಅರ್ಧಕ್ಕೆ ಬಿಟ್ಟು ನಾಳೆ ಬರಬಹುದು. ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಂಗಡಿಯವರನ್ನು ದಾರಿ ಕೇಳಿದ ಹಾಗೆ.

ಜಪಾನಿ ಆವೃತ್ತಿಯಲ್ಲಿ ಅದಕ್ಕೆ ಶಾಲೆ ಅನ್ನೋ ಹೆಸರೇ ಇಲ್ಲ. 'ಶೊಶಿನ್‌ಶ ನೊ ಯಕತ' ಅಂತಾರೆ. ಯಕತ ಅಂದರೆ ದೊಡ್ಡ ಮನೆ, ಶೊಶಿನ್‌ಶ ಅಂದರೆ ಹೊಸಬರು, ಈಗಷ್ಟೇ ಕಲಿಯಲು ಹೊರಟವರು. ಹೊಸಬರ ಮನೆ! ಇಂಗ್ಲಿಷ್‌ನಲ್ಲಿ ಆಡಿದವರ ಬಾಯಲ್ಲಿ ಅದು ಶಾಲೆ ಆಯಿತು, ನಿಮ್ಮ ಮಗ ಓಡಿದ್ದೂ ಆ ಹೆಸರಿಗೇ ಇರಬೇಕು. ಜಪಾನಿನಲ್ಲಿ ಶೊಶಿನ್‌ಶ ಅನ್ನೋ ಪದ ದಿನಬಳಕೆಯದು. ಅಲ್ಲಿ ಕಾರಿನ ಲೈಸೆನ್ಸ್ ಸಿಕ್ಕ ಮೊದಲ ಒಂದು ವರ್ಷ, ಹಳದಿ ಹಸಿರು ಎಲೆಯ ಗುರುತನ್ನು ಕಾರಿಗೆ ಅಂಟಿಸಿಕೊಂಡೇ ಓಡಿಸಬೇಕು. 1972ರಿಂದ ಇರುವ ನಿಯಮ. ಅದರ ಹೆಸರೂ ಶೊಶಿನ್‌ಶ ಗುರುತು. ನಮ್ಮಲ್ಲಿ ಕೆಂಪು 'ಎಲ್' ಬೋರ್ಡ್ ಇರುವ ಕಾರು ಕಂಡರೆ ಹಿಂದಿನಿಂದ ಹಾರ್ನ್ ಜಾಸ್ತಿ ಮಾಡುತ್ತೇವೆ. ಅಲ್ಲಿ ಎಲೆ ಕಂಡ ಕಾರಿಗೆ ಬೇರೆಯವರು ತೊಂದರೆ ಕೊಡಬಾರದು.

ಇದೇ ಎಲೆ ಈಗ ಆಟಕ್ಕೂ ಬಂದಿದೆ. ಫೈನಲ್ ಫ್ಯಾಂಟಸಿ 14 ಸಾವಿರಾರು ಜನ ಒಟ್ಟಿಗೆ ಆಡುವ ಇಂಟರ್ನೆಟ್ ಆಟ. ಅದರಲ್ಲಿ ಹೊಸದಾಗಿ ಬಂದವರ ಹೆಸರಿನ ಪಕ್ಕ ಒಂದು ಹಸಿರು ಚಿಗುರು ಕಾಣುತ್ತೆ. ಹಳಬರು ಅದನ್ನು ನೋಡಿ ಸಹಾಯಕ್ಕೆ ಬರುತ್ತಾರೆ. 2016ರಲ್ಲಿ ಆ ಆಟಕ್ಕೂ ಹೊಸಬರ ಮನೆ ಸೇರಿತು, ಜಪಾನಿ ಹೆಸರು ಅದೇ. ಸುಮ್ನೆ ಪಾಠ ಅಂದರೆ ಬರಲ್ಲ ಅಂತ ಗೊತ್ತಿದ್ದವರು ಒಂದು ಉಂಗುರದ ಆಸೆ ತೋರಿಸಿದ್ದಾರೆ: ಪಾಠ ಮುಗಿಸಿದರೆ ಸಿಗುವ ಆ ಉಂಗುರ ತೊಟ್ಟರೆ 30ನೇ ಮಟ್ಟದ ತನಕ 30 ಶೇಕಡಾ ಜಾಸ್ತಿ ಅನುಭವ ಅಂಕ, ಅಂದರೆ ಹೋರಾಡಿ ಗಳಿಸಿ ಮಟ್ಟ ಏರಿಸಿಕೊಳ್ಳುವ ಅಂಕ. 1997ರ ಏಳನೆಯ ಆಟದಲ್ಲಿ ಈ ಮನೆ ಒಂದು ಕೊಳೆಗೇರಿಯಲ್ಲಿ, ಆಯುಧದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಅಲ್ಲೂ ನೆಲದ ಮೇಲೆ ಮೆಟೀರಿಯಾ ಅನ್ನೋ ಮಂತ್ರಶಕ್ತಿಯ ಒಂದು ಒಳ್ಳೆ ಹರಳು ಬಿಸಾಡಿದ ಹಾಗೆ ಇಟ್ಟಿದ್ದಾರೆ. 1999ರ ಎಂಟನೆಯದರಲ್ಲಂತೂ ನಾಯಕನೇ ವಿದ್ಯಾರ್ಥಿ. ಮೆನುವಿನೊಳಗೆ 30 ಪರೀಕ್ಷೆಗಳಿವೆ, ಪಾಸಾದ ಹಾಗೆ ಸಂಬಳ ಏರುತ್ತೆ. ನಮ್ಮ ಸರ್ಕಾರಿ ನೌಕರರ ಇಲಾಖಾ ಪರೀಕ್ಷೆ ನೆನಪಾಗುತ್ತೆ, ಅಲ್ವಾ?

ಸರಿ, ಎರಡನೆಯ ಪ್ರಶ್ನೆ. ಎಲ್ಲಿ ಬೇಕಾದರೂ ಸೇವ್ ಮಾಡೋಕೆ ಯಾಕೆ ಬಿಡಲ್ಲ?

ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1986ರಲ್ಲಿ ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಬಂದಾಗ ಕ್ಯಾಸೆಟ್‌ನೊಳಗೆ ಏನನ್ನೂ ಉಳಿಸುವ ವ್ಯವಸ್ಥೆಯೇ ಇರಲಿಲ್ಲ. ಆಟ ನಿಲ್ಲಿಸಬೇಕು ಅಂದರೆ ರಾಜನ ಹತ್ತಿರ ಹೋಗಬೇಕು. ರಾಜ ಒಂದು ಮಂತ್ರ ಹೇಳುತ್ತಾನೆ, 20 ಜಪಾನಿ ಅಕ್ಷರದ್ದು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮರುದಿನ ಒಂದೊಂದೇ ಅಕ್ಷರ ಹಾಕಬೇಕು. ನಿಮ್ಮ ಶಕ್ತಿ ಎಷ್ಟು, ಹಣ ಎಷ್ಟು, ಎಲ್ಲಾ ಆ ಅಕ್ಷರಗಳೊಳಗೇ ಅಡಗಿರುತ್ತಿತ್ತು. ಮುಂದಿನ ವರ್ಷದ ಎರಡನೆಯ ಭಾಗದಲ್ಲಿ ಮಂತ್ರ 52 ಅಕ್ಷರದವರೆಗೂ ಬೆಳೆಯಿತು. ಒಂದು ಅಕ್ಷರ ತಪ್ಪಾಗಿ ಬರೆದುಕೊಂಡರೆ ಮುಗಿಯಿತು. ನಿಮ್ಮ ಮಗ ಅತ್ತ ಹಾಗೆಯೇ ಅಲ್ಲೂ ಒಂದು ತಲೆಮಾರು ಅತ್ತಿರುತ್ತೆ.

ಆಮೇಲೆ ಕ್ಯಾಸೆಟ್‌ನೊಳಗೇ ಒಂದು ಪುಟ್ಟ ಮೆಮರಿ ಚಿಪ್, ಅದಕ್ಕೆ ಒಂದು ಬ್ಯಾಟರಿ ಬಂತು. 1987ರ ಮೊದಲ ಫೈನಲ್ ಫ್ಯಾಂಟಸಿಯಲ್ಲೂ ಬ್ಯಾಟರಿ ಇತ್ತು. ಆದರೆ ಗುಹೆಗಳೊಳಗೆ ಸೇವ್ ಇಲ್ಲ. 1990ರ ಮೂರನೆಯ ಆಟ, ಜಪಾನಿನ ನಿಜವಾದ ಮೂರನೆಯದು, ಇದಕ್ಕೇ ಕುಖ್ಯಾತ. ಕೊನೆಯ ಗೋಪುರ ಹತ್ತಲು ಶುರು ಮಾಡಿದರೆ ಮುಗಿಯುವ ತನಕ ಸೇವ್ ಇಲ್ಲವೇ ಇಲ್ಲ. ಗಂಟೆಗಟ್ಟಲೆ ಹತ್ತಿ, ಕೊನೆಯ ಶತ್ರುವಿನ ಕೈಯಲ್ಲಿ ಸತ್ತರೆ ಮತ್ತೆ ಕೆಳಗಿನಿಂದ. ಇದರ ಮರುವರ್ಷದ ನಾಲ್ಕನೆಯ ಆಟದಲ್ಲೇ ಗುಹೆಗಳೊಳಗೆ ಸೇವ್ ಮಾಡುವ ಗುರುತುಗಳು ಬಂದವು. ಅಲ್ಲಿ ಟೆಂಟ್ ಹಾಕಿ ಮಲಗಿ ಸುಧಾರಿಸಿಕೊಳ್ಳಬಹುದು. ನಿಮ್ಮ ಆಟದಲ್ಲಿರೋದೂ ಅದೇ ಪದ್ಧತಿ.

ಆ ಮೆಮರಿ ಎಷ್ಟು ಚಿಕ್ಕದು ಗೊತ್ತಾ? ಇಡೀ ಆಟ ಇರೋದೇ 3 ಮೆಗಾಬೈಟ್. 14 ಜನ ಪಾತ್ರಗಳು, ಹಾಡು, ಊರು, ಅಷ್ಟೊಂದು ಕಥೆ, ಎಲ್ಲಾ ಸೇರಿ ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು. ಸೇವ್‌ಗೆ ಕೊಟ್ಟಿರೋದು 8 ಕಿಲೋಬೈಟ್, ಅಂದರೆ ಸುಮಾರು 8 ಸಾವಿರ ಬೈಟ್. ಅದರಲ್ಲೇ ಮೂರು ಆಟ ಉಳಿಸಬೇಕು. ಒಂದು ಕನ್ನಡ ಅಕ್ಷರಕ್ಕೋ, ಗುಣಿತದ ಒಂದು ಗುರುತಿಗೋ ಈಗಿನ ಕಂಪ್ಯೂಟರಿನಲ್ಲಿ 3 ಬೈಟ್ ಬೇಕು. ನಾನು ಬರೆಯುತ್ತಿರುವ ಈ ಉತ್ತರವೇ ಅದರೊಳಗೆ ಹಿಡಿಸಲ್ಲ!

ಹಾಗಾಗಿ ಲೆಕ್ಕ ಬಿಗಿ. ಯಾರ್ಯಾರು ಜೊತೆಗಿದ್ದಾರೆ, ಅವರ ಶಕ್ತಿ ಎಷ್ಟು, ಚೀಲದಲ್ಲಿ ಏನಿದೆ, ಹಣ ಎಷ್ಟು, ಕಥೆಯಲ್ಲಿ ಎಲ್ಲಿ ತನಕ ಬಂದಿದ್ದೀರಿ. ಒಂದು ಪೆಟ್ಟಿಗೆ ತೆಗೆದಿದ್ದೀರಾ ಇಲ್ವಾ ಅನ್ನೋಕೆ ಒಂದೇ ಬಿಟ್, ಅಂದರೆ ಹೌದು ಇಲ್ಲ ಅನ್ನೋ ಒಂದು ಗುರುತು ಸಾಕು, ಒಂದು ಬೈಟ್‌ನಲ್ಲಿ ಎಂಟು ಪೆಟ್ಟಿಗೆಯ ಲೆಕ್ಕ ಮುಗಿಯುತ್ತೆ. ಆದರೆ ಹೋರಾಟದ ನಡುವೆ, ಶತ್ರುವಿಗೆ ಎಷ್ಟು ಏಟು ಬಿದ್ದಿದೆ, ಯಾರು ಯಾವ ಮೂಲೆಯಲ್ಲಿ ನಡೆಯುತ್ತಿದ್ದಾರೆ ಅನ್ನೋದನ್ನೆಲ್ಲ ಬರೆದಿಡೋಕೆ ಜಾಗ ಎಲ್ಲಿದೆ? ಎಲ್ಲಾ ಶಾಂತವಾಗಿರುವ ಜಾಗದಲ್ಲಿ ಮಾತ್ರ ಸೇವ್ ಕೊಟ್ಟರೆ ಬರೆಯೋದು ಕಡಿಮೆ.

ಜಾಗದ ಕಾರಣ ಮಾತ್ರ ಆಗಿದ್ದರೆ ಈಗಿನ ಆಟಗಳಲ್ಲಿ ಈ ಪದ್ಧತಿ ಪೂರ್ತಿ ಹೋಗಬೇಕಿತ್ತು. ಹೋಗಿಲ್ಲ. ಯಾಕೆಂದರೆ ಎಲ್ಲೆಂದರಲ್ಲಿ ಸೇವ್ ಕೊಟ್ಟರೆ ಬಾವಿಗೆ ಬಿದ್ದ ಮೇಲೂ ಸೇವ್ ಮಾಡಿಬಿಡಬಹುದು. ಗುಹೆಯ ಆಳದಲ್ಲಿ, ಔಷಧಿ ಖಾಲಿ, ಎಲ್ಲರೂ ಅರೆಜೀವ, ಅಲ್ಲಿ ಸೇವ್ ಒತ್ತಿದಿರಿ. ಹಳೆಯದರ ಮೇಲೆ ಹೊಸದು ಕೂತಿತು. ಇನ್ನು ಎಷ್ಟು ಸಲ ಹಾಕಿದರೂ ಸಾಯೋದೇ. ಸೇವ್ ಗುರುತನ್ನು ಯೋಚನೆ ಮಾಡಿ ಇಟ್ಟರೆ ಆಟ ಮಾಡಿದವರು 'ಇಲ್ಲಿಂದ ಮುಂದೆ ಹೋಗೋಕೆ ಆಗುತ್ತೆ' ಅಂತ ಭರವಸೆ ಕೊಟ್ಟ ಹಾಗೆ. ನಿಮ್ಮ ಮಗ ಮುಂದೆ ಕೋಲ್ಟ್ಸ್ ಅನ್ನೋ ಬೆಟ್ಟ ಹತ್ತುತ್ತಾನೆ. ಅದರ ಮೇಲೆ ವಾರ್ಗಸ್ ಅನ್ನೋ ಪೈಲ್ವಾನ್ ಕಾದಿದ್ದಾನೆ. ಅವನಿಗಿಂತ ಸ್ವಲ್ಪ ಮುಂಚೆ ಗುಹೆಯಲ್ಲಿ ಒಂದು ಗುರುತು ಮಿನುಗುತ್ತಿರುತ್ತೆ. ಆಡಿ ಆಡಿ ರೂಢಿಯಾದವರು ಅದನ್ನು ನೋಡಿದ ತಕ್ಷಣ 'ಓಹೋ, ಮುಂದೆ ಯಾರೋ ಇದ್ದಾರೆ' ಅಂದುಕೊಳ್ಳುತ್ತಾರೆ. ಗುರುತು ಬಾಯಿ ಬಿಡದೆ ಹೇಳೋ ಸುಳಿವು ಅದು.

ಈಗ ಸೇವ್ ಗುರುತನ್ನೂ ಸುಳಿವು ಹೇಳೋ ಜನರನ್ನೂ ಒಂದೇ ಸೂರಿನಡಿ ಯಾಕೆ ಇಟ್ಟರು ಅನ್ನೋದು ಗೊತ್ತಾಗುತ್ತೆ. ಶತ್ರುಗಳು ದಿಢೀರನೆ ಮೈಮೇಲೆ ಬೀಳದ ಜಾಗದಲ್ಲಿ ಮಾತ್ರ ಮನುಷ್ಯ ನಿಂತು ಕೇಳುತ್ತಾನೆ. ಸೇವ್ ಆಗಿದೆ ಅನ್ನೋ ಧೈರ್ಯ ಇದ್ದರೆ ಮಾತ್ರ ಕೇಳಿದ್ದನ್ನು ಪರೀಕ್ಷೆ ಮಾಡಲು ಹೋಗುತ್ತಾನೆ. ಆ ಶಾಲೆಯಲ್ಲಿ ಕೆಲವು ಪೆಟ್ಟಿಗೆಗಳಿವೆ. ಕೆಲವದರಲ್ಲಿ ಸಣ್ಣಪುಟ್ಟ ಸಾಮಾನು. ಒಂದರಲ್ಲಿ ಮಾತ್ರ ಸಾಮಾನಿಲ್ಲ, ಶತ್ರು ಕೂತಿದೆ. ತೆಗೆದರೆ ಹೋರಾಟ! ಶಾಲೆಯೊಳಗೇ, ಸೇವ್ ಗುರುತಿಗೆ ನಾಲ್ಕು ಹೆಜ್ಜೆ ದೂರದಲ್ಲಿ. ಪೆಟ್ಟಿಗೆ ಕಂಡರೆಲ್ಲ ಓಡಿಹೋಗಿ ತೆಗೀಬೇಡ ಅನ್ನೋದನ್ನು ನೂರು ಸಲ ಹೇಳಿದರೂ ಯಾರೂ ಕೇಳಲ್ಲ. ಒಮ್ಮೆ ತೆಗೆದು ನೋಡಿದರೆ ಸಾಕು. ನನ್ನ 14 ಹೆಜ್ಜೆಯ ಪಾಠದ ಬದಲು ಇಂಥದ್ದೊಂದು ಪೆಟ್ಟಿಗೆ ಇಟ್ಟಿದ್ದರೆ ಆ ಆಂಟಿ ನನ್ನ ಮುಖ ನೋಡುತ್ತಿರಲಿಲ್ಲ.

ಇನ್ನೊಂದು ವಿಷಯ ಮಗನಿಗೆ ಹೇಳಿ, ಖುಷಿಯಾಗುತ್ತಾನೆ. ಅವನ ಕೈಯಲ್ಲಿರುವ 1994ರ ಆವೃತ್ತಿಯಲ್ಲಿ ಸೋಲಿಗೆ ಒಂದು ರಿಯಾಯಿತಿ ಇದೆ. ಹೋರಾಟದಲ್ಲಿ ಎಲ್ಲರೂ ಸತ್ತರೆ ಆಟ ಕೊನೆಯ ಸೇವ್‌ಗೆ ವಾಪಸ್ ಕರೆದುಕೊಂಡು ಹೋಗುತ್ತೆ. ಆಮೇಲೆ ಸಿಕ್ಕ ಸಾಮಾನು, ಹಣ ಹೋಗುತ್ತೆ. ಆದರೆ ಗಳಿಸಿದ ಅನುಭವ ಉಳಿಯುತ್ತೆ, ಏರಿದ ಮಟ್ಟ ಇಳಿಯಲ್ಲ. ಸಾವಿಗೆ ಹೆದರಬೇಕಿಲ್ಲ ಅಂತಾಯ್ತು. ಕರೆಂಟಿಗೆ ಮಾತ್ರ ಹೆದರಬೇಕು. ಕರೆಂಟ್ ಹೋದರೆ ಯಂತ್ರದ ನೆನಪೇ ಅಳಿಸಿಹೋಗುತ್ತೆ, ಅನುಭವವೂ ಇಲ್ಲ. ಹಾವೇರಿಯಲ್ಲಿ ಯಾವಾಗ ಹೋಗುತ್ತೆ ಅಂತ ಜಪಾನಿನವರು ಲೆಕ್ಕ ಹಾಕಿರಲಿಲ್ಲ.

ಮೂರನೆಯ ಪ್ರಶ್ನೆಗೆ ನನ್ನ ಉತ್ತರ: ಕಳಿಸಬೇಡಿ, ಜೊತೆಗೆ ಹೋಗಿ.

ಕಾರಣ ಇಷ್ಟೇ. ಆ ಶಾಲೆಯಲ್ಲಿರೋದೆಲ್ಲ ಬರೀ ಓದು, ಅದೂ ಇಂಗ್ಲಿಷ್‌ನಲ್ಲಿ, ಚಿಕ್ಕ ಚಿಕ್ಕ ಅಕ್ಷರಗಳಲ್ಲಿ. 10 ವರ್ಷದವನಿಗೆ ಅದು ಆಟದ ನಡುವೆ ಬಂದ ಹೋಂವರ್ಕ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು ಅಂದಿರಿ, ಹಾಗಾಗಿ ಡಬ್ಬಿ, ಕೈಪಿಡಿ ಇರಲಿಕ್ಕಿಲ್ಲ. ಇದ್ದಿದ್ದರೆ ಚಿತ್ರ ನೋಡಿಯಾದರೂ ಕಲಿಯುತ್ತಿದ್ದ. ನೀವು ಪಕ್ಕ ಕೂತು ಓದಿ, ಕನ್ನಡದಲ್ಲಿ ಎರಡು ಮಾತು ಹೇಳಿದರೆ ಸಾಕು. ಎಲ್ಲರ ಹತ್ತಿರವೂ ಮಾತಾಡಬೇಕಿಲ್ಲ. ಮೊದಲ ದಿನ ಸೇವ್ ಒಂದೇ. ಗುರುತಿನ ಮೇಲೆ ನಿಲ್ಲಿಸಿ, ಮೆನು ತೆಗೆಸಿ, ಸೇವ್ ಬೆಳ್ಳಗಾಗಿರೋದನ್ನು ತೋರಿಸಿ. ಗುರುತಿನಿಂದ ಒಂದು ಹೆಜ್ಜೆ ಆಚೆ ಇಟ್ಟು ಮತ್ತೆ ಮೆನು ತೆಗೆಸಿ. ಮಂಕಾಗಿರುತ್ತೆ. ಮತ್ತೆ ಒಳಗೆ ಬನ್ನಿ, ಬಿಳಿ. ಎರಡು ಸಲ ಮಾಡಿದರೆ ಜನ್ಮದಲ್ಲಿ ಮರೆಯಲ್ಲ. ಎರಡು ಗಂಟೆ ಕಳೆದುಕೊಂಡವನಿಗೆ ಈ ಪಾಠ ಈಗ ರುಚಿಸುತ್ತೆ, ಮೊದಲ ದಿನ ರುಚಿಸುತ್ತಿರಲಿಲ್ಲ.

ಇನ್ನೊಂದು ದಿನ ಸಾಲಿನ ವಿಷಯ ಹೇಳಿಕೊಡಿ. ಹೋರಾಟದಲ್ಲಿ ಪ್ರತಿಯೊಬ್ಬರೂ ಮುಂದಿನ ಸಾಲಿನಲ್ಲೋ ಹಿಂದಿನ ಸಾಲಿನಲ್ಲೋ ನಿಲ್ಲುತ್ತಾರೆ. ಹಿಂದೆ ನಿಂತವರಿಗೆ ಕತ್ತಿ, ಪಂಜದ ಏಟು ಅರ್ಧ ಮಾತ್ರ. ಅವರು ಕತ್ತಿಯಿಂದ ಕೊಡುವ ಏಟೂ ಅರ್ಧ. ಮಂತ್ರಕ್ಕೆ ಈ ಲೆಕ್ಕ ಇಲ್ಲ. ಹಾಗಾದರೆ ಮಂತ್ರ ಹಾಕುವ ಟೆರಾ ಎಲ್ಲಿ ನಿಲ್ಲಬೇಕು? ನೀವು ಹೇಳಬೇಡಿ, ಅವನೇ ಹೇಳಲಿ. ಮೆನುವಿನಲ್ಲಿ ಅವಳ ಚಿತ್ರ ಸ್ವಲ್ಪ ಬಲಕ್ಕೆ ಸರಿದರೆ ಹಿಂದಿನ ಸಾಲಿಗೆ ಹೋದಳು ಅಂತ.

ವಾರ್ಗಸ್ ಹತ್ತಿರ ಮಾತ್ರ ಶಾಲೆಯ ಪಾಠ ಸಾಲದು. ಅಲ್ಲಿ ಹೋರಾಟದ ಅರ್ಧದಲ್ಲಿ ಸೇಬಿನ್ ಅನ್ನೋ ಇನ್ನೊಬ್ಬ ಪೈಲ್ವಾನ್ ಬಂದು ಸೇರುತ್ತಾನೆ. ಅವನ ಪಟ್ಟನ್ನು ಹಾಕದೆ ಆ ಹೋರಾಟ ಮುಗಿಯಲ್ಲ. ಹೋರಾಟದ ಪಟ್ಟಿಯಲ್ಲಿ ಬ್ಲಿಟ್ಜ್ ಅಂತ ಇರೋದನ್ನು ಆರಿಸಿ, ಎಡ, ಬಲ, ಎಡ ಒತ್ತಿ, ಕೊನೆಗೆ ಎ ಬಟನ್. ಬ್ಲಿಟ್ಜ್ ಆರಿಸುವ ಮುಂಚೆಯೇ ಎಡ ಬಲ ಒತ್ತಿ 'ಆಗ್ತಾ ಇಲ್ಲ' ಅಂತ ಸಿಟ್ಟಾಗುವವರೇ ಜಾಸ್ತಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಟಿವಿ ಪಕ್ಕ ಅಂಟಿಸಿಡಿ.

ಇನ್ನು ಕೆಲಸದ ಮಾತು, ಇದನ್ನು ಮರೀಬೇಡಿ. ಆ ಕ್ಯಾಸೆಟ್‌ಗೆ 30 ವರ್ಷ ಆಗಿದೆ. ಒಳಗಿರುವ ಬ್ಯಾಟರಿ ನಾಣ್ಯದ ಆಕಾರದ್ದು, ಸಿಆರ್2032. ಅದು ಸತ್ತಿದ್ದರೆ ಸೇವ್ ಆದ ಹಾಗೆ ಕಾಣುತ್ತೆ, ಸ್ವಿಚ್ ಆಫ್ ಮಾಡಿದ ಮೇಲೆ ಇರಲ್ಲ. ಹಾಗಾಗಿ ಮೊದಲು ಶಾಲೆಯಲ್ಲೇ ಸೇವ್ ಮಾಡಿ, ಆಫ್ ಮಾಡಿ, ಮರುದಿನ ಬೆಳಿಗ್ಗೆ ಹಾಕಿ ನೋಡಿ. ಇದ್ದರೆ ಮುಂದೆ ಆಡಲಿ. ಇಲ್ಲದಿದ್ದರೆ ಟಿವಿ ರಿಪೇರಿ ಅಂಗಡಿಯವರು ಬ್ಯಾಟರಿ ಬದಲಾಯಿಸಿಕೊಡುತ್ತಾರೆ. ಬೆಸುಗೆ ಹಾಕಿ ಕೂರಿಸಿರುತ್ತಾರೆ, ಗಡಿಯಾರದ ಬ್ಯಾಟರಿ ಹಾಗೆ ಕಿತ್ತು ಹಾಕೋಕೆ ಬರಲ್ಲ. ಬೆಸೆಯಲು ಕಾಲಿರುವ ಸೆಲ್ಲೇ ಬೇಕು ಅಂತ ಹೇಳಿ. ತೆಗೆದಾಗ ಹಳೇ ಸೇವ್ ಇದ್ದರೂ ಅಳಿಸಿಹೋಗುತ್ತೆ, ಅದಕ್ಕೇ ಈಗಲೇ ಮಾಡಿಸೋದು ಒಳ್ಳೇದು.

ಅಮೆರಿಕದ ಅಡಾಪ್ಟರ್ 120 ವೋಲ್ಟಿನದು. ಆಟ ಓಡುತ್ತಿದೆ ಅಂದರೆ ನಿಮ್ಮ ಅಣ್ಣ ವೋಲ್ಟ್ ಇಳಿಸುವ ಸ್ಟೆಪ್ ಡೌನ್ ಡಬ್ಬಿ ಇಟ್ಟಿರಬೇಕು. ಅದನ್ನು ಬಿಟ್ಟು ಯಾರೂ ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕದ ಹಾಗೆ ನೋಡಿಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಪಾಯಿಂಟಿಗೇ ಟಿವಿ, ಆಟ ಎರಡನ್ನೂ ಹಾಕಿ. ಫೋನಿನಲ್ಲಿ ಆಡಿಸೋಣ ಅಂದುಕೊಂಡರೆ 2022ರಲ್ಲಿ ಇದೇ ಆಟದ ಹೊಸ ಆವೃತ್ತಿ ಬಂದಿದೆ. ಜಾಗ ಬದಲಾದಾಗಲೆಲ್ಲ ಅದೇ ಸೇವ್ ಮಾಡಿಕೊಳ್ಳುತ್ತೆ. ಆದರೆ ಮಾವ ತಂದ ಕ್ಯಾಸೆಟ್ ಬಿಟ್ಟು ಅದಕ್ಕೆ ಬರುತ್ತಾನೆ ಅಂತ ನನಗೆ ಅನ್ನಿಸಲ್ಲ.

ಮತ್ತೆ, ಆ ಪೆಟ್ಟಿಗೆಯ ಗುಟ್ಟು ಅವನಿಗೆ ಹೇಳಬೇಡಿ. ಮೊದಲು ಸೇವ್ ಮಾಡಿಸಿ. ಆಮೇಲೆ ಅಡಿಗೆ ಮನೆಗೆ ಹೋಗಿಬಿಡಿ.